ಓಮ್ ನೋಡಿ ವ್ಯಾಟ್ ಇಡಿ: ಮೊದಲ ಕಾಯಿಲ್‌ನಿಂದ ಎರಡನೆಯದರವರೆಗೆ

ಬೆರಳ ತುದಿಯಷ್ಟು ಉದ್ದದ ಒಂದು ಲೋಹದ ಕೊಳವೆ. ನಿಕೋಟಿನ್ ಬೆರೆತ ದ್ರವವನ್ನು, ಅಂದರೆ ಲಿಕ್ವಿಡ್ಡನ್ನು, ಕಾಯಿಸಿ ಆವಿ ಮಾಡುವ ಇದಕ್ಕೆ ಕಾಯಿಲ್ ಅನ್ನುತ್ತಾರೆ. ಅದರ ಮೈಮೇಲೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ ‘0.8 ಓಮ್, 12–16 ವ್ಯಾಟ್’ ಎಂದು ಕೆತ್ತಿರುತ್ತಾರೆ. ವೇಪ್, ಅಂದರೆ ಇ-ಸಿಗರೇಟು, ಹಿಡಿದ ಮೊದಲ ವಾರದ ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಈ ಒಂದು ಸಾಲನ್ನು ಓದದೇ ಇರುವುದರಿಂದ. ಅಂಗಡಿಯವರು ಮೊದಲ ಕಾಯಿಲ್ ತಾವೇ ಹಾಕಿ, ಲಿಕ್ವಿಡ್ ತುಂಬಿ, ಗುಂಡಿ ಒತ್ತಿ ತೋರಿಸಿ ಕಳಿಸುತ್ತಾರೆ. ಒಂದೆರಡು ದಿನ ಎಲ್ಲ ಸರಿ. ಮೂರನೇ ದಿನ ‘ಇನ್ನೂ ಸ್ವಲ್ಪ ಜೋರಾಗಿ ಬರಲಿ’ ಎಂದು ಪ್ಲಸ್ ಗುಂಡಿ ಒತ್ತುತ್ತಾ ಹೋದವರಿಗೆ ಸುಟ್ಟ ಬಟ್ಟೆಯ ಘಾಟು ಗಂಟಲಿಗೆ ಅಡರುತ್ತದೆ. ಆಮೇಲೆ ಎಷ್ಟೇ ಇಳಿಸಿದರೂ ಆ ರುಚಿ ಹೋಗುವುದಿಲ್ಲ.

ಇದು ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುವ ಕಿಟ್‌ಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಅಲ್ಲಿ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಷಿದ್ಧ. ಸಿಗರೇಟು ಬಿಡಲೆಂದು ಅವನ್ನು ಹಿಡಿದಿದ್ದವರು, ನಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರೂ ಸೇರಿದಂತೆ, ಈಗ ತುಂಬಿಸಿ ಬಳಸುವ ಕಿಟ್‌ಗೆ ಬಂದಿದ್ದಾರೆ. ಎಸೆಯುವ ವೇಪ್‌ನಲ್ಲಿ ಎಳೆಯುವುದೊಂದೇ ಕೆಲಸ. ಓಮ್, ವೋಲ್ಟ್ ಎಲ್ಲವನ್ನೂ ಕಾರ್ಖಾನೆಯಲ್ಲೇ ಹೊಂದಿಸಿರುತ್ತಿದ್ದರು. ಹೊಸ ಕಿಟ್‌ನಲ್ಲಿ ಆ ಹೊಂದಾಣಿಕೆ ನಮ್ಮ ಕೈಗೆ ಬಂದಿದೆ. ಭಾರತದ ಮಾತು ಬೇರೆಯೇ, ಅದು ಮುಂದೆ ಬರುತ್ತದೆ. ಸೇದದವರಿಗೆ ಮಾತ್ರ ಈಗಲೇ ಹೇಳಬೇಕಾದ್ದು: ಇದು ಸಿಗರೇಟಿಗಿಂತ ಕಡಿಮೆ ಕೇಡಿನದು ಎಂಬ ಮಾತು ಸಿಗರೇಟು ಸೇದುವ ವಯಸ್ಕರಿಗೆ ಅನ್ವಯಿಸುವಂಥದ್ದು. ಸೇದದವರು, ಚಿಕ್ಕ ವಯಸ್ಸಿನವರು ಹೊಸದಾಗಿ ನಿಕೋಟಿನ್ ಚಟ ಹತ್ತಿಸಿಕೊಳ್ಳಲು ಯಾವ ಕಾರಣವೂ ಇಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುವುದೂ ಇದನ್ನೇ.

ಬತ್ತಿಯ ಲೆಕ್ಕ

ಕಾಯಿಲ್ ಒಳಗೆ ಮುಖ್ಯವಾಗಿ ಇರುವುದು ಎರಡೇ ವಸ್ತು. ಬಿಸಿಯಾಗುವ ತಂತಿ, ಅಥವಾ ತಂತಿಯ ಬದಲು ತೂತುತೂತಾದ ತೆಳು ತಗಡು. ಇದನ್ನು ಮೆಶ್ ಅನ್ನುತ್ತಾರೆ. ಅದಕ್ಕೆ ಒತ್ತಿಕೊಂಡ ಹತ್ತಿ. ಹೊರಗಿನ ಕೊಳವೆಯಲ್ಲಿ ಲಿಕ್ವಿಡ್ ಒಳಬರಲು ಎರಡೋ ನಾಲ್ಕೋ ಕಿಂಡಿಗಳು. ದೇವರ ಮುಂದಿನ ದೀಪ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಎಣ್ಣೆ ಏರುತ್ತಿರುವ ತನಕ ಬತ್ತಿ ತಾಳುತ್ತದೆ, ಎಣ್ಣೆ ತೀರಿದರೆ ಬತ್ತಿಯೇ ಕರಕಲಾಗುತ್ತದೆ. ಕಾಯಿಲ್‌ನಲ್ಲಿ ಬೆಂಕಿ ಇಲ್ಲ, ಆದರೆ ಲೆಕ್ಕ ಅದೇ. ತಂತಿಯ ಕಾವೆಲ್ಲ ಲಿಕ್ವಿಡ್ಡನ್ನು ಆವಿ ಮಾಡುವುದರಲ್ಲಿ ಖರ್ಚಾಗುತ್ತಿದ್ದರೆ ಹತ್ತಿಗೆ ಅಪಾಯವಿಲ್ಲ. ಹತ್ತಿ ಲಿಕ್ವಿಡ್ ಹೀರಿ ತರುವುದಕ್ಕಿಂತ ಬೇಗ ತಂತಿ ಅದನ್ನು ಆರಿಸಿಬಿಟ್ಟರೆ, ಮಿಕ್ಕ ಕಾವು ಹತ್ತಿಯ ಮೇಲೇ ಬೀಳುತ್ತದೆ.

ಕಾಯಿಲ್ ಮೇಲಿನ ‘12–16 ವ್ಯಾಟ್’ ಹೇಳುವುದು ಇಷ್ಟು: ಈ ತಂತಿಗೆ ಈ ಹತ್ತಿ, ಈ ಕಿಂಡಿಗಳು 16 ವ್ಯಾಟ್‌ವರೆಗೆ ಲಿಕ್ವಿಡ್ ಪೂರೈಸಬಲ್ಲವು, 12ಕ್ಕಿಂತ ಕೆಳಗಿಟ್ಟರೆ ಬಂದ ಲಿಕ್ವಿಡ್ ಪೂರ್ತಿ ಆವಿಯಾಗುವುದಿಲ್ಲ. ಅಂದಮೇಲೆ ವ್ಯಾಟ್ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಕಾಯಿಲ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘80 ವ್ಯಾಟ್’ ಎಂದಿದ್ದರೆ ಅದು ಆ ಸಾಧನ ಎಷ್ಟರವರೆಗೆ ಕೊಡಬಲ್ಲದು ಎಂಬ ಲೆಕ್ಕ. ಸಿಗರೇಟು ಬಿಡಲು ಬಂದವರಲ್ಲಿ ಹೆಚ್ಚಿನವರಿಗೆ 20 ವ್ಯಾಟ್ ದಾಟುವ ಅಗತ್ಯವೇ ಬೀಳುವುದಿಲ್ಲ.

ಓಮ್ ಅಂದರೆ ತಂತಿ ಒಡ್ಡುವ ರೋಧ. ಹೈಸ್ಕೂಲಿನಲ್ಲಿ ಕಲಿತು ಪರೀಕ್ಷೆ ಮುಗಿದ ಮೇಲೆ ಮರೆತ ಓಮ್‌ನ ನಿಯಮ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಕರೆಂಟು, ಆಂಪಿಯರ್ ಲೆಕ್ಕದಲ್ಲಿ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್, ಅಂದರೆ ಕಾವು. 3.7 ವೋಲ್ಟ್ ಇರುವಾಗ 1.2 ಓಮ್ ಕಾಯಿಲ್ ಇದ್ದರೆ ಸುಮಾರು 11.4 ವ್ಯಾಟ್. ಅದೇ ವೋಲ್ಟಿಗೆ 0.8 ಓಮ್ ಕಾಯಿಲ್ ಹಾಕಿದರೆ 17.1. 0.4 ಓಮ್ ಹಾಕಿದರೆ 34.2. ಬ್ಯಾಟರಿ ಅದೇ, ವೋಲ್ಟ್ ಅದೇ, ಕಾವು ಮಾತ್ರ ಮೂರು ಪಟ್ಟು. ರೋಧ ಹೆಚ್ಚಿದ್ದರಲ್ಲವೇ ಬಿಸಿ ಹೆಚ್ಚು ಎಂದು ಹಲವರು ತಿಳಿದಿರುತ್ತಾರೆ. ಅದು ಕರೆಂಟು ಬದಲಾಗದೇ ಇದ್ದಾಗಿನ ಮಾತು. ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ನಿಂತಿರುವುದು ವೋಲ್ಟ್, ಆದ್ದರಿಂದ ರೋಧ ಇಳಿದಷ್ಟೂ ಕಾವು ಏರುತ್ತದೆ.

‘ಎಷ್ಟು ವೋಲ್ಟಿಗೆ ಇಡಬೇಕು?’ ಎಂದಷ್ಟೇ ಕೇಳಿದರೆ ಉತ್ತರ ಹೇಳಲಾಗದು. ‘ಒಲೆ ಎಷ್ಟು ಉರಿ ಇರಬೇಕು?’ ಎಂದು ಪಾತ್ರೆ ತೋರಿಸದೆ ಕೇಳಿದ ಹಾಗೆ. ಪೆನ್ನಿನ ಆಕಾರದ ಹಳೆಯ ಮಾದರಿಯ ಬ್ಯಾಟರಿಗಳಲ್ಲಿ ಬುಡದಲ್ಲೊಂದು ತಿರುಗುವ ಬಿಲ್ಲೆ ಇದ್ದು 3.3ರಿಂದ 4.8ರವರೆಗೆ ವೋಲ್ಟ್ ಬರೆದಿರುತ್ತದೆ. ಅದರ ಮೇಲೆ 1.6 ಓಮ್ ಕಾಯಿಲ್ ಇದ್ದರೆ 3.3 ವೋಲ್ಟಿಗೆ 6.8 ವ್ಯಾಟ್, 4.0ಗೆ ಸರಿಯಾಗಿ 10, 4.8ಕ್ಕೆ 14.4. ಆ ಕಾಯಿಲ್‌ನ ಮಿತಿ 10–14 ಎಂದಿದ್ದರೆ 4.0ರಿಂದ 4.7ರ ನಡುವೆ ಎಲ್ಲಿ ಇಟ್ಟರೂ ನಡೆಯುತ್ತದೆ. ಅದೇ ಬಿಲ್ಲೆಯನ್ನು 4.8ರಲ್ಲೇ ಬಿಟ್ಟು 1.0 ಓಮ್ ಕಾಯಿಲ್ ಹಾಕಿದರೆ 23 ವ್ಯಾಟ್. 10–13 ವ್ಯಾಟಿನ ಕಾಯಿಲ್ ಒಂದೇ ದಮ್ಮಿಗೆ ಮುಗಿಯಿತು. ಇಡಬೇಕಾದ ವೋಲ್ಟ್ ಹುಡುಕಲು ಬೇಕಾದ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ, ಫೋನಿನ ಕ್ಯಾಲ್ಕುಲೇಟರ್ ಸಾಕು. 1.0 ಓಮ್‌ಗೆ 12 ವ್ಯಾಟ್ ಬೇಕೆಂದರೆ 12ರ ವರ್ಗಮೂಲ, 3.46 ವೋಲ್ಟ್.

ಬಿಲ್ಲೆಯ ಬದಲು ಮೂರು ಬಣ್ಣದ ದೀಪಗಳಿರುವ ಪೆನ್ನುಗಳೂ ಇವೆ. ಒಬ್ಬ ತಯಾರಕರ ಹಸಿರು ಕಡಿಮೆ ವೋಲ್ಟಾದರೆ ಇನ್ನೊಬ್ಬರ ಹಸಿರು ಹೆಚ್ಚಿನದಾಗಿರಬಹುದು. ಜೊತೆಗೆ ಬಂದ ಚೀಟಿ ನೋಡದೆ ಬಣ್ಣ ನಂಬಬೇಡಿ.

ಪರದೆ ಇರುವ, ವ್ಯಾಟಿನಲ್ಲೇ ಹೊಂದಿಸುವ ಕಿಟ್‌ಗಳಲ್ಲಿ ಈ ಗುಣಾಕಾರ ಭಾಗಾಕಾರವನ್ನು ಒಳಗಿನ ಚಿಪ್ಪೇ ಮಾಡುತ್ತದೆ. 14 ವ್ಯಾಟ್ ಎಂದಿಟ್ಟರೆ 0.8 ಓಮ್‌ಗೆ 3.35 ವೋಲ್ಟ್, 1.2 ಓಮ್‌ಗೆ 4.1 ವೋಲ್ಟ್ ಕಳಿಸುತ್ತದೆ. ಹೊಸಬರು ವೋಲ್ಟಿನ ಪೆನ್ನಿಗಿಂತ ಇದನ್ನೇ ಕೊಳ್ಳುವುದು ಒಳ್ಳೆಯದು. ಆದರೂ ಒಂದು ಮಿತಿ ತಿಳಿದಿರಲಿ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್, ಬಳಸುತ್ತಾ ಹೋದಂತೆ 3.4ರ ಆಸುಪಾಸಿಗೆ ಇಳಿಯುತ್ತದೆ. ವೋಲ್ಟನ್ನು ಎತ್ತಿಕೊಡುವ ಸರ್ಕ್ಯೂಟ್ ಇಲ್ಲದ, ಪಾಡ್ ಎಂದು ಕರೆಯುವ ಸಣ್ಣ ವೇಪ್‌ಗಳು ಬ್ಯಾಟರಿಯಲ್ಲಿ ಇದ್ದಷ್ಟನ್ನೇ ಕೊಡಬಲ್ಲವು. 1.2 ಓಮ್ ಕಾಯಿಲ್‌ಗೆ ತುಂಬಿದ ಬ್ಯಾಟರಿಯಿಂದ 14.7 ವ್ಯಾಟ್ ಸಿಗಬಹುದು, 3.4 ವೋಲ್ಟಿಗಿಳಿದಾಗ 9.6 ಮಾತ್ರ. ‘ಬೆಳಿಗ್ಗೆ ಖಡಕ್ಕಾಗಿರುತ್ತೆ, ಸಂಜೆಗೆ ಸಪ್ಪೆ’ ಎಂಬ ದೂರು ಇದರಿಂದ ಬರುವಂಥದ್ದು. ಕಾಯಿಲ್ ಬದಲಿಸಿ ಫಲವಿಲ್ಲ, ಚಾರ್ಜ್ ಮಾಡಬೇಕು ಅಷ್ಟೆ.

ಯಾವ ಓಮ್, ಯಾವ ಲಿಕ್ವಿಡ್

ಸಿಗರೇಟು ಸೇದುವಾಗ ಹೊಗೆಯನ್ನು ಮೊದಲು ಬಾಯಿಗೆ ಎಳೆದು ಆಮೇಲೆ ಶ್ವಾಸಕೋಶಕ್ಕೆ ಇಳಿಸುತ್ತಾರೆ. ಈ ಅಭ್ಯಾಸಕ್ಕೆ ಹೊಂದುವುದು 1.0 ಓಮ್ ಮತ್ತು ಅದಕ್ಕಿಂತ ಮೇಲಿನ ಕಾಯಿಲ್‌ಗಳು, ಬಿಗಿಯಾದ ಗಾಳಿಕಿಂಡಿ, 9ರಿಂದ 14 ವ್ಯಾಟ್. 0.6, 0.8ರವು ನಡುವಿನವು, ಗಾಳಿಕಿಂಡಿ ಮುಚ್ಚಿದರೆ ಸಿಗರೇಟಿನ ಹಾಗೆ, ತೆರೆದರೆ ಸಡಿಲ. 0.5ಕ್ಕಿಂತ ಕೆಳಗಿನವು ನೇರ ಎದೆಗೆ ಎಳೆಯುವವರಿಗೆ. ಆವಿ ಮೋಡದ ಹಾಗೆ ಬರುತ್ತದೆ, ಲಿಕ್ವಿಡ್ಡೂ ಬ್ಯಾಟರಿಯೂ ಬೇಗ ಖಾಲಿ. ಒಂದು ಓಮ್‌ಗಿಂತ ಕಡಿಮೆ ಇದ್ದುದಕ್ಕೆಲ್ಲ ‘ಸಬ್ ಓಮ್’ ಎಂಬ ಹೆಸರಿದ್ದರೂ ಅಂಗಡಿಯ ಮಾತಿನಲ್ಲಿ ಸಬ್ ಓಮ್ ಎಂದರೆ ಸಾಮಾನ್ಯವಾಗಿ ಈ ಕೊನೆಯ ಗುಂಪು.

ನಿಕೋಟಿನ್ ಪ್ರಮಾಣ ಈ ಗುಂಪುಗಳಿಗೆ ತಕ್ಕಂತೆ ಇರಬೇಕು. ಇಲ್ಲಿ ತಪ್ಪಿದರೆ ಮೈಗೇ ತೊಂದರೆ. ಬ್ರಿಟನ್ನಿನಲ್ಲಿ 2016ರಿಂದ ಜಾರಿಯಲ್ಲಿರುವ ನಿಯಮದಂತೆ ಲಿಕ್ವಿಡ್‌ನಲ್ಲಿ ಪ್ರತಿ ಮಿ.ಲೀ.ಗೆ 20 ಮಿ.ಗ್ರಾಂ.ಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ, ನಿಕೋಟಿನ್ ಇರುವ ಬಾಟಲಿ 10 ಮಿ.ಲೀ. ಮೀರುವಂತಿಲ್ಲ, ಸಾಧನದಲ್ಲಿ ಲಿಕ್ವಿಡ್ ತುಂಬುವ ಟ್ಯಾಂಕ್ 2 ಮಿ.ಲೀ.ಗಿಂತ ದೊಡ್ಡದಾಗಿರುವಂತಿಲ್ಲ. ದಿನಕ್ಕೆ ಒಂದು ಪ್ಯಾಕ್ ಸೇದುತ್ತಿದ್ದವರು ಸಾಮಾನ್ಯವಾಗಿ 1.0–1.2 ಓಮ್ ಕಾಯಿಲ್‌ಗೆ 18 ಅಥವಾ 20 ಮಿ.ಗ್ರಾಂ. ಲಿಕ್ವಿಡ್‌ನಿಂದ ಶುರುಮಾಡುತ್ತಾರೆ. ಅದೇ 20ರ ಲಿಕ್ವಿಡ್ಡನ್ನು 0.2 ಓಮ್ ಟ್ಯಾಂಕಿಗೆ ಹಾಕಿ 50 ವ್ಯಾಟಿನಲ್ಲಿ ಎದೆ ತುಂಬ ಎಳೆದರೆ ಕೆಮ್ಮು ಕಿತ್ತುಕೊಂಡು ಬರುತ್ತದೆ, ತಲೆ ಸುತ್ತುತ್ತದೆ, ವಾಕರಿಕೆಯಾಗುತ್ತದೆ. ಒಂದು ಎಳೆತಕ್ಕೆ ಆವಿಯಾಗುವ ಲಿಕ್ವಿಡ್ ಎಷ್ಟೋ ಪಟ್ಟು ಹೆಚ್ಚಿರುವಾಗ ಅದರ ಜೊತೆ ಬರುವ ನಿಕೋಟಿನ್ ಕೂಡ ಹೆಚ್ಚೇ. ಆ ಟ್ಯಾಂಕಿಗೆ 3 ಮಿ.ಗ್ರಾಂ., ಹೆಚ್ಚೆಂದರೆ 6. ದೊಡ್ಡ ಬಾಟಲಿಯ 50 ಮಿ.ಲೀ. ನಿಕೋಟಿನ್ ಇಲ್ಲದ ಲಿಕ್ವಿಡ್‌ಗೆ 18 ಮಿ.ಗ್ರಾಂ.ನ 10 ಮಿ.ಲೀ. ಬಾಟಲಿಯೊಂದನ್ನು ಸೇರಿಸಿ ಅಲುಗಾಡಿಸಿದರೆ 60 ಮಿ.ಲೀ.ಗೆ ಒಟ್ಟು 180 ಮಿ.ಗ್ರಾಂ., ಸರಿಯಾಗಿ 3ರ ಲಿಕ್ವಿಡ್.

ಇನ್ನು ಲಿಕ್ವಿಡ್‌ನ ಮಂದ. ಎಲ್ಲ ಲಿಕ್ವಿಡ್‌ಗಳ ಮೈ ಎರಡು ದ್ರವಗಳಿಂದ ಆದದ್ದು. ಪ್ರೊಪಿಲೀನ್ ಗ್ಲೈಕಾಲ್ ತೆಳು, 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಗಂಟಲಿಗೆ ತಾಕುತ್ತದೆ. ಗ್ಲಿಸರಿನ್ ಜೇನಿನಂತೆ ಮಂದ, ಕುದಿಯಲು 290 ಡಿಗ್ರಿ ಬೇಕು, ಬಿಳಿ ಮೋಡ ಕೊಡುವುದು ಅದು. ಬಾಟಲಿಯ ಮೇಲೆ ಪಿಜಿ, ವಿಜಿ ಎಂದು ಇವುಗಳ ಪಾಲು ಬರೆದಿರುತ್ತದೆ. ಹೆಚ್ಚಿನ ಓಮ್‌ನ ಕಾಯಿಲ್‌ಗಳ ಕಿಂಡಿ ಸಣ್ಣ, ಅವಕ್ಕೆ ಅರ್ಧಕ್ಕರ್ಧ ಪಾಲಿನದೇ ಸರಿ. ಸಬ್ ಓಮ್ ಕಾಯಿಲ್‌ಗಳ ಕಿಂಡಿ ದೊಡ್ಡದು, ಅವಕ್ಕೆ 70 ಪಾಲು ವಿಜಿ. ತಿರುವುಮುರುವು ಮಾಡಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ: ತೆಳು ಲಿಕ್ವಿಡ್ ದೊಡ್ಡ ಕಿಂಡಿಯಿಂದ ಸೋರಿ ಗಾಳಿಕಿಂಡಿಯಲ್ಲಿ ತೊಟ್ಟಿಕ್ಕುತ್ತದೆ, ಮಂದದ್ದು ಸಣ್ಣ ಕಿಂಡಿಯಲ್ಲಿ ಇಳಿಯದೆ ಹತ್ತಿ ಒಣಗುತ್ತದೆ. ಚಳಿಗಾಲದಲ್ಲಿ ಎರಡನೆಯ ತೊಂದರೆ ಹೆಚ್ಚು. ಜನವರಿಯ ಬೆಳಿಗ್ಗೆ ಕಾರಿನಲ್ಲೇ ರಾತ್ರಿ ಕಳೆದ ವೇಪ್ ಎತ್ತಿ ಎಳೆದರೆ, ನಿನ್ನೆಯವರೆಗೆ ಸರಿಯಾಗಿದ್ದ 14 ವ್ಯಾಟ್ ಕೂಡ ಹತ್ತಿಯನ್ನು ಸುಡಬಹುದು. ಹತ್ತು ನಿಮಿಷ ಕೋಟಿನ ಒಳಜೇಬಿನಲ್ಲಿಟ್ಟು ಬೆಚ್ಚಗಾದ ಮೇಲೆ ಎಳೆಯಿರಿ.

ಮೊದಲ ಸಂಜೆ

ಕಾಯಿಲ್‌ನ ಕಿಂಡಿಗಳಲ್ಲಿ ಇಣುಕಿದರೆ ಬಿಳಿ ಹತ್ತಿ ಕಾಣುತ್ತದೆ. ಪ್ರತಿ ಕಿಂಡಿಗೆ ಎರಡು ಹನಿ, ಮೇಲಿನಿಂದ ಒಳಗೆ ಇನ್ನೆರಡು ಹನಿ ಲಿಕ್ವಿಡ್ ಬಿಟ್ಟು, ಬಿಳುಪು ಹೋಗಿ ಹತ್ತಿ ನೆನೆದಂತೆ ಕಂಡ ಮೇಲೆ ನಿಲ್ಲಿಸಿ. ಕೊಳವೆ ತುಂಬುವಷ್ಟು ಸುರಿದರೆ ಮೊದಲ ಎಳೆತಕ್ಕೆ ಬಿಸಿ ಹನಿ ನಾಲಿಗೆಗೆ ಚಿಮ್ಮುತ್ತದೆ. ಒತ್ತಿ ಕೂರಿಸುವ ಕಾಯಿಲ್ ಆದರೆ ‘ಟಕ್’ ಎನ್ನುವವರೆಗೆ ಒತ್ತಿ. ತಿರುಪಿನದಾದರೆ ಬೆರಳ ಬಿಗಿ ಸಾಕು, ಇಕ್ಕಳ ಹಾಕಬೇಡಿ. ಬುಡದ ರಬ್ಬರ್ ಉಂಗುರ ಕತ್ತರಿಸಿ ಆಮೇಲೆ ಸೋರಿಕೆ ನಿಲ್ಲಿಸಲಾಗದು.

ಟ್ಯಾಂಕಿಗೆ ಲಿಕ್ವಿಡ್ಡನ್ನು ಪಕ್ಕದಿಂದ ತುಂಬಬೇಕು, ನಡುವಿನ ಕೊಳವೆ ಗಾಳಿ ಬರುವ ದಾರಿ. ಕಂಠಪೂರ್ತಿ ತುಂಬದೆ ಮೇಲೆ ಒಂದೆರಡು ಮಿ.ಮೀ. ಗಾಳಿ ಉಳಿಸಿ. ಮುಚ್ಚಿದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಲಿಕ್ವಿಡ್ ಮಂದವಿದ್ದರೆ ಇಪ್ಪತ್ತು. ಹೊಸಬರು ಕಾಯಿಲ್ ಸುಟ್ಟುಕೊಳ್ಳುವುದು ಹೆಚ್ಚಾಗಿ ಈ ಹತ್ತು ನಿಮಿಷದ ಅವಸರದಲ್ಲೇ. ಹತ್ತಿಯ ಹೊರಪದರ ನೆನೆದಿರುತ್ತದೆ, ತಂತಿಗೆ ಅಂಟಿದ ನಡುಭಾಗ ಒಣಗಿಯೇ ಇರುತ್ತದೆ. ಕಾದ ಮೇಲೆ ಗುಂಡಿ ಒತ್ತದೆ ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ, ಲಿಕ್ವಿಡ್ ಒಳಕ್ಕೆ ಸೆಳೆದುಕೊಳ್ಳುತ್ತದೆ. ಎಳೆದರೆ ತಾನೇ ಹೊತ್ತಿಕೊಳ್ಳುವ ಪಾಡ್‌ಗಳಲ್ಲಿ ಈ ಹಂತ ಬೇಡ, ಅಲ್ಲಿ ಕಾಯುವುದೊಂದೇ ದಾರಿ.

ಬಹುಪಾಲು ಸಾಧನಗಳು ಗುಂಡಿಯನ್ನು ಬೇಗಬೇಗ ಐದು ಸಲ ಒತ್ತಿದರೆ ಚಾಲೂ ಆಗುತ್ತವೆ. ಪರದೆಯ ಮೇಲೆ ಮೊದಲು ನೋಡಬೇಕಾದದ್ದು ವ್ಯಾಟ್ ಅಲ್ಲ, ಓಮ್. 0.8ರ ಕಾಯಿಲ್‌ಗೆ 0.78, 0.83 ಎಂದು ತೋರಿಸಿದರೆ ಚಿಂತೆಯಿಲ್ಲ. 1.1 ಎಂದರೆ ಎಲ್ಲೋ ಸಡಿಲವಿದೆ; ಬಿಚ್ಚಿ, ಬುಡದ ಲೋಹದ ಬಿಂದುವನ್ನೂ ಸಾಧನದ ಪಿನ್ನನ್ನೂ ಟಿಶ್ಯೂದಿಂದ ಒರೆಸಿ ಮತ್ತೆ ಕೂರಿಸಿ. ಒಂದು ಎಳೆತಕ್ಕೂ ಇನ್ನೊಂದಕ್ಕೂ ಅಂಕಿ ಹಾರಾಡುತ್ತಿದ್ದರೂ ಇದೇ ಮದ್ದು. 0.2, 0.3 ಎಂದು ಪಾತಾಳಕ್ಕಿಳಿದಿದ್ದರೆ ಅಥವಾ ‘ಶಾರ್ಟ್’ ಎಂದು ಬಂದರೆ ಒಳಗೆ ತಂತಿ ಎಲ್ಲೋ ಮುಟ್ಟಿಕೊಂಡಿದೆ, ಆ ಕಾಯಿಲ್ ಬೇಡ. ಹೊಸ ಕಾಯಿಲ್ ಹಾಕಿದ್ದೀರಾ ಎಂದು ಸಾಧನವೇ ಕೇಳಿದರೆ, ಹಾಕಿದ್ದಾಗ ಮಾತ್ರ ‘ಹೌದು’ ಒತ್ತಿ, ಅದೂ ಕಾಯಿಲ್ ತಣ್ಣಗಿದ್ದಾಗ.

ಈಗ ವ್ಯಾಟ್. 12–16ರ ಕಾಯಿಲ್ ಆದರೆ 12ರಿಂದ ಹೊರಡಿ; ಮೊದಲ ಐದಾರು ಎಳೆತಕ್ಕೆ 11 ಇದ್ದರೂ ನಡೆದೀತು. ಎರಡೆರಡು ಸೆಕೆಂಡಿನ ಎಳೆತ, ನಡುವೆ ಅರ್ಧ ನಿಮಿಷ ಬಿಡುವು. ಆಮೇಲೆ ಐದಾರು ಎಳೆತಕ್ಕೊಮ್ಮೆ ಅರ್ಧ ವ್ಯಾಟ್ ಏರಿಸಿ. ಏರುತ್ತಾ ಹೋದಂತೆ ಮೊದಲು ಆವಿ ಬೆಚ್ಚಗಾಗುತ್ತದೆ, ಆಮೇಲೆ ರುಚಿ ಬಿಡಿಸಿಕೊಳ್ಳುತ್ತದೆ, ಒಂದು ಹಂತದಲ್ಲಿ ರುಚಿ ತೆಳ್ಳಗಾಗಿ ಗಂಟಲು ಒಣಗಿದ ಹಾಗೆ ಅನ್ನಿಸುತ್ತದೆ. ಅಲ್ಲಿಂದ ಒಂದು ವ್ಯಾಟ್ ಕೆಳಗಿಳಿಸಿದರೆ ಅದೇ ನಿಮ್ಮ ಜಾಗ. 0.8ರ ಮೆಶ್ ಕಾಯಿಲ್‌ಗಳಲ್ಲಿ ಅದು ಸಾಮಾನ್ಯವಾಗಿ 13.5–15ರ ನಡುವೆ ಸಿಗುತ್ತದೆ. ಮೆಶ್ ಇಡೀ ಹಾಳೆ ಒಟ್ಟಿಗೆ ಕಾಯುವುದರಿಂದ ಒಂದೇ ಕಡೆ ಸುಡುವ ಭಯ ಸುರುಳಿ ತಂತಿಗಿಂತ ಕಡಿಮೆ.

ಎಳೆಯುವ ರೀತಿಯನ್ನೂ ಬದಲಿಸಬೇಕು. ಸಿಗರೇಟನ್ನು ಚುಟುಕಾಗಿ ಜೋರಾಗಿ ಎಳೆದರೆ ಕೆಂಡ ಕೆಂಪಾಗುತ್ತದೆ, ಹೊಗೆ ಬರುತ್ತದೆ. ವೇಪ್‌ನಲ್ಲಿ ಜೋರಾಗಿ ಎಳೆದರೆ ಗಾಳಿ ತಂತಿಯನ್ನು ತಣಿಸುತ್ತದೆ, ಜೊತೆಗೆ ಬೇಡದಷ್ಟು ಲಿಕ್ವಿಡ್ ಒಳಗೆ ಸೆಳೆದುಕೊಂಡು ಗುಳುಗುಳು ಸದ್ದು ಶುರುವಾಗುತ್ತದೆ. ಮೂರು ಸೆಕೆಂಡು, ನಿಧಾನ, ಬಿಸಿ ಕಾಫಿ ಗುಟುಕರಿಸುವಷ್ಟು ನಾಜೂಕಾಗಿ. ‘ಇದರಲ್ಲಿ ಕಿಕ್ಕೇ ಇಲ್ಲ’ ಎಂದು ವ್ಯಾಟ್ ಏರಿಸಲು ಹೊರಟವರು ಬೇಕಿದ್ದುದು ನಿಧಾನದ ಎಳೆತ ಅಥವಾ ಇನ್ನಷ್ಟು ನಿಕೋಟಿನ್ ಇರುವ ಲಿಕ್ವಿಡ್ ಎಂದು ಆಮೇಲೆ ಕಂಡುಕೊಳ್ಳುತ್ತಾರೆ. ಕಾವು ಹೆಚ್ಚಿಸಿ ನಿಕೋಟಿನ್ ಕೊರತೆ ತುಂಬಿಸುವುದು ದುಬಾರಿ ದಾರಿ.

ಕೆಟ್ಟರೆ ಎಲ್ಲಿ ಕೆಡುತ್ತದೆ

ವ್ಯಾಟ್ ಹೆಚ್ಚಾದರೆ ಸುಡುತ್ತದೆ ಎಂಬುದು ಎಲ್ಲರಿಗೂ ಬೇಗ ತಿಳಿಯುತ್ತದೆ. ಕಡಿಮೆಯಾದರೂ ಕೆಡುತ್ತದೆ ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. 40–50 ವ್ಯಾಟಿನ 0.2 ಓಮ್ ಕಾಯಿಲ್ಲನ್ನು ‘ಸುರಕ್ಷಿತವಾಗಿರಲಿ’ ಎಂದು 20ಕ್ಕೆ ಇಟ್ಟರೆ, ದೊಡ್ಡ ಕಿಂಡಿಗಳಿಂದ ಲಿಕ್ವಿಡ್ ಬರುತ್ತಲೇ ಇರುತ್ತದೆ, ಆವಿಯಾಗುವುದಿಲ್ಲ. ಹತ್ತಿ ತೋಯ್ದು ತೊಪ್ಪೆ. ಗುಳುಗುಳು ಸದ್ದು, ಬಾಯಿಗೆ ಹನಿ, ಬುಡದಲ್ಲಿ ಸೋರಿಕೆ. ಇಂಥಲ್ಲಿ ಟ್ಯಾಂಕ್ ಬಿಚ್ಚಿ ಟಿಶ್ಯೂ ಸುತ್ತಿ, ಗಾಳಿಕಿಂಡಿಯತ್ತ ಜೋರಾಗಿ ಊದಿ ಕೊಳವೆಯ ಲಿಕ್ವಿಡ್ ಹೊರಹಾಕಿ, ಮತ್ತೆ ಕೂರಿಸಿ ವ್ಯಾಟನ್ನು ಕೆತ್ತಿದ ಅಂಕಿಯ ಒಳಕ್ಕೆ ತನ್ನಿ.

ಸುಟ್ಟ ರುಚಿ ಬಂದಾಗ ಮೊದಲು ಟ್ಯಾಂಕ್ ನೋಡಿ. ಲಿಕ್ವಿಡ್ ಕಿಂಡಿಗಳ ಕೆಳಗೆ ಇಳಿದಿದ್ದರೆ, ಅಥವಾ ಬಿಡುವಿಲ್ಲದೆ ಹತ್ತು ದಮ್ಮು ಎಳೆದಿದ್ದರೆ, ತುಂಬಿಸಿ ಕಾಲು ಗಂಟೆ ಬಿಟ್ಟು ಎರಡು ವ್ಯಾಟ್ ಇಳಿಸಿ ನೋಡಬಹುದು. ಆಗಲೂ ಘಾಟು ಇದ್ದರೆ ಹತ್ತಿ ಕರಿಗಟ್ಟಿದೆ ಎಂದೇ ಅರ್ಥ. ತೊಳೆದು ಒಣಗಿಸಿ ಉಳಿಸುವ ಉಪಾಯಗಳನ್ನು ಹೇಳುವವರಿದ್ದಾರೆ. ಸುಟ್ಟ ಹತ್ತಿ ತೊಳೆದರೆ ಬಿಳಿಯಾಗುವುದಿಲ್ಲ. ಮೂರ್ನಾಲ್ಕು ಪೌಂಡಿನ ವಸ್ತುವಿಗಾಗಿ ಗಂಟಲು ಕೆಡಿಸಿಕೊಳ್ಳುವುದು ಬೇಡ.

ಒಣ ಎಳೆತ, ಅಂದರೆ ಹತ್ತಿ ಒಣಗಿದ್ದಾಗ ಎಳೆಯುವುದು, ಬರೀ ರುಚಿಯ ಪ್ರಶ್ನೆಯಲ್ಲ. 2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪತ್ರ ಪ್ರಕಟಿಸಿದರು. ವೋಲ್ಟ್ ಬದಲಿಸಬಹುದಾದ ವೇಪ್ ಒಂದನ್ನು 3.3 ವೋಲ್ಟಿನಲ್ಲಿ ಓಡಿಸಿದಾಗ ಕ್ಯಾನ್ಸರ್ ತರಬಲ್ಲ ಫಾರ್ಮಾಲ್ಡಿಹೈಡ್ ಬಿಡುವ ಸಂಯುಕ್ತಗಳು ಕಾಣಲಿಲ್ಲ, 5 ವೋಲ್ಟಿನಲ್ಲಿ ಹೇರಳವಾಗಿ ಕಂಡವು. ಸುದ್ದಿ ಎಲ್ಲೆಡೆ ಹರಡಿತು. ಆ ಕಾಯಿಲ್‌ಗೆ 5 ವೋಲ್ಟ್ ತಾಳುವಂಥದ್ದಲ್ಲ, ಅಷ್ಟು ಘಾಟಿನ ಆವಿಯನ್ನು ಮನುಷ್ಯರು ಎಳೆಯುತ್ತಲೇ ಇರಲಾರರು ಎಂಬ ಆಕ್ಷೇಪವೂ ಅಷ್ಟೇ ಜೋರಾಗಿ ಬಂತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ಅನುಭವಿ ವೇಪರ್‌ಗಳು ‘ಇದು ಒಣ ಎಳೆತ’ ಎಂದು ಗುರುತಿಸಿದ ಹಂತದಲ್ಲೇ ಫಾರ್ಮಾಲ್ಡಿಹೈಡ್ ಗುಂಪಿನ ರಾಸಾಯನಿಕಗಳಾದ ಆಲ್ಡಿಹೈಡ್‌ಗಳು ಹತ್ತಾರು ಪಟ್ಟು ಏರಿದ್ದು ಕಂಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬಳಸುವವರಿಗೆ ಸಿಗುವ ಸೂಚನೆ ಸ್ಪಷ್ಟ: ಘಾಟು ಬಂದ ತಕ್ಷಣ ಬೆರಳು ತೆಗೆಯಿರಿ, ‘ಇನ್ನೊಂದೇ ದಮ್ಮು’ ಎಂದು ತಳ್ಳಬೇಡಿ.

ಕಾಯಿಲ್ ಆಯಸ್ಸನ್ನು ನುಂಗುವ ಇನ್ನೊಂದು ವಸ್ತು ಸಿಹಿ. ಹಣ್ಣು, ಕೇಕು, ಐಸ್‌ಕ್ರೀಮಿನ ರುಚಿಯ ಎಷ್ಟೋ ಲಿಕ್ವಿಡ್‌ಗಳಲ್ಲಿ ಸುಕ್ರಲೋಸ್ ಎಂಬ ಕೃತಕ ಸಿಹಿ ಇರುತ್ತದೆ. ಬೆಲ್ಲದ ಪಾಕ ತಳ ಹಿಡಿದ ಹಾಗೆ ಅದು ತಂತಿಯ ಮೇಲೆ ಕಪ್ಪು ಪದರವಾಗುತ್ತದೆ. ಸಾದಾ ಪುದೀನ, ತಂಬಾಕು ರುಚಿಯಲ್ಲಿ ಎರಡು ವಾರ ಬರುವ ಕಾಯಿಲ್ ಇಂಥದ್ದರಲ್ಲಿ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ವ್ಯಾಟ್ ಸರಿಯಾಗಿದ್ದೂ ಕಾಯಿಲ್ ಬೇಗ ಹೋಗುತ್ತಿದ್ದರೆ ಬಾಟಲಿಯನ್ನೇ ಅನುಮಾನಿಸಬೇಕು.

ಟೆಂಪರೇಚರ್ ಕಂಟ್ರೋಲ್ ಎಂಬ ಆಯ್ಕೆ ಪರದೆಯಲ್ಲಿ ಕಂಡರೆ ಸದ್ಯಕ್ಕೆ ಮುಟ್ಟಬೇಡಿ. ಅದು ಕಾದಂತೆ ರೋಧ ಏರುವ ನಿಕಲ್, ಟೈಟೇನಿಯಂ, ಸ್ಟೀಲ್ ತಂತಿಗಳಿಗಾಗಿ ಇರುವುದು. ಮಾಮೂಲಿ ಕಾಯಿಲ್‌ಗಳ ಕ್ಯಾಂಥಲ್ ಎಂಬ ಮಿಶ್ರಲೋಹದ ತಂತಿಯ ರೋಧ ಕಾದರೂ ಹೆಚ್ಚು ಬದಲಾಗುವುದಿಲ್ಲ, ಸಾಧನಕ್ಕೆ ಅಳೆಯಲು ಏನೂ ಸಿಗುವುದಿಲ್ಲ. ಚಿಪ್ಪೇ ಇಲ್ಲದ ಮೆಕ್ಯಾನಿಕಲ್ ಮಾಡ್‌ಗಳಂತೂ ಹೊಸಬರಿಗೆ ಬೇಡವೇ ಬೇಡ. 0.15 ಓಮ್ ಕಾಯಿಲ್ಲನ್ನು ತುಂಬಿದ ಬ್ಯಾಟರಿಗೆ ನೇರ ಜೋಡಿಸಿದರೆ 28 ಆಂಪಿಯರ್ ಹರಿಯುತ್ತದೆ; ಅಷ್ಟನ್ನು ಸತತವಾಗಿ ತಾಳದ 18650 ಅಳತೆಯ ಬಿಡಿ ಬ್ಯಾಟರಿಗಳೇ ಹೆಚ್ಚು, ತಡೆಯಲು ನಡುವೆ ಯಾರೂ ಇಲ್ಲ. ಬಿಡಿ ಬ್ಯಾಟರಿಯನ್ನು ಚಿಲ್ಲರೆ, ಬೀಗದ ಕೈ ಇರುವ ಜೇಬಿಗೆ ಹಾಕಬೇಡಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಬಳಸಬೇಡಿ. ಲಿಕ್ವಿಡ್ ಬಾಟಲಿಯನ್ನು ಮಕ್ಕಳ ಕೈಗೆಟುಕದ ಕಡೆ ಇಡಿ, ಕುಡಿದರೆ ವಿಷ.

ಊರಿಗೆ ಹೊರಟಾಗ

ಭಾರತದಲ್ಲಿ 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆ, ಆಮೇಲೆ ಅದೇ ವರ್ಷದ ಕಾಯ್ದೆಯ ಮೂಲಕ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕರ್ನಾಟಕ ಸರ್ಕಾರ ಅದಕ್ಕೂ ಮೊದಲು, 2016ರಲ್ಲೇ ನಿಷೇಧಿಸಿತ್ತು. ಆದ್ದರಿಂದ ಬೆಂಗಳೂರಿಗೆ ಹೊರಟ ಚೀಲದಲ್ಲಿ ಸಾಧನವೂ ಬೇಡ, ಲಿಕ್ವಿಡ್ಡೂ ಬೇಡ. ಸಿಂಗಪುರದ ಮೂಲಕ ಹೋಗುವವರಿಗೆ ಅಲ್ಲೂ ಇದೇ ಗತಿ, ಅಲ್ಲಿ ಹೊಂದಿರುವುದೇ ಅಪರಾಧ. ಊರಿನಲ್ಲಿರುವ ಎರಡು ಮೂರು ವಾರಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ 2 ಮಿ.ಗ್ರಾಂ. ನಿಕೋಟಿನ್ ಗಮ್ ಆಸರೆಯಾಗುತ್ತದೆ, ಸಿಗರೇಟಿಗೆ ವಾಪಸು ಹೋಗದೆ ದಾಟಬಹುದು. ಕಾನೂನು ಒಪ್ಪುವ ದೇಶಗಳ ನಡುವೆ ಹಾರುವಾಗಲೂ ಸಾಧನ, ಬ್ಯಾಟರಿ ಎರಡೂ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಿ ಅಲ್ಲ.

ಎರಡನೇ ಕಾಯಿಲ್

ಹತ್ತು ಹನ್ನೆರಡು ದಿನಕ್ಕೆ ರುಚಿ ಮಂಕಾಗುತ್ತದೆ, ಲಿಕ್ವಿಡ್ ಬಣ್ಣ ಗಾಢವಾಗುತ್ತದೆ. ಐದರ ಪ್ಯಾಕೆಟ್ಟಿನಿಂದ ಹೊಸದನ್ನು ತೆಗೆಯುವ ಹೊತ್ತು. ಒಂದೇ ಸಾಧನಕ್ಕೆ 0.3, 0.6, 0.8, 1.0 ಹೀಗೆ ಹಲವು ಓಮ್‌ನ ಕಾಯಿಲ್‌ಗಳು ಒಂದೇ ಆಕಾರದಲ್ಲಿ ಬರುತ್ತವೆ, ಎಲ್ಲವೂ ಸರಿಯಾಗಿಯೇ ಕೂರುತ್ತವೆ. ಅಂಗಡಿಯಲ್ಲಿ ನಿಮ್ಮದು ಮುಗಿದಿದ್ದಾಗ ‘ಇದೂ ಆಗುತ್ತೆ’ ಎಂದು ಬೇರೆಯದನ್ನು ಕೈಗಿಡುವುದುಂಟು. ಆಗುವುದೇನೋ ನಿಜ, ಆದರೆ ವ್ಯಾಟ್, ಲಿಕ್ವಿಡ್, ನಿಕೋಟಿನ್ ಮೂರೂ ಬದಲಾಗಬೇಕು.

ಸಾಧನ ಹಿಂದಿನ ವ್ಯಾಟನ್ನು ನೆನಪಿಟ್ಟುಕೊಂಡಿರುತ್ತದೆ. ಒಂದು ವಾರ 0.3ರ ಕಾಯಿಲ್ಲನ್ನು 35 ವ್ಯಾಟಿನಲ್ಲಿ ಬಳಸಿ ಮತ್ತೆ 0.8ಕ್ಕೆ ಬಂದಾಗ, ಪರದೆಯಲ್ಲಿ ಇನ್ನೂ 35 ಇರುತ್ತದೆ. ಕಾಯಿಲ್ ನೋಡಿ ತಾನೇ ವ್ಯಾಟ್ ಇಳಿಸುವ ಸಾಧನಗಳೂ ಓಮ್ ಅಷ್ಟನ್ನೇ ಅಳೆಯುತ್ತವೆ; ಹತ್ತಿ ನೆನೆದಿದೆಯೇ, ಕಿಂಡಿ ಎಷ್ಟು ದೊಡ್ಡದು ಎಂಬುದು ಅವಕ್ಕೆ ತಿಳಿಯದು. ಹಾಗಾಗಿ ಹಳೆಯ ಕಾಯಿಲ್ ಇನ್ನೂ ಒಳಗಿರುವಾಗಲೇ ವ್ಯಾಟನ್ನು 10ಕ್ಕೆ ಇಳಿಸಿ. ಆಮೇಲೆ ಅದನ್ನು ಬಿಚ್ಚಿ, ಹೊಸದರ ಮೈಮೇಲಿನ ಸಾಲು ಓದಿ, ಹತ್ತಿಗೆ ಹನಿ ಬಿಟ್ಟು ಗಡಿಯಾರ ನೋಡಿ.